ಬಡಾವಣೆಯ ಹೆಸರಿಗೆ ಎಷ್ಟು, ನೀರಿಗೆ ಎಷ್ಟು?

ಮಾನ್ಯರೇ,

ಬೆಂಗಳೂರಿನಲ್ಲಿ ಯೋಗ್ಯತೆ ಮೀರಿ ಹೆಸರು ಗಳಿಸಿದ ಬಡಾವಣೆ ಯಾವುದು ಎಂಬ ಚರ್ಚೆಯಲ್ಲಿ ಇಂದಿರಾನಗರದವರು ಕೋರಮಂಗಲವನ್ನು, ಕೋರಮಂಗಲದವರು ವೈಟ್‌ಫೀಲ್ಡನ್ನು, ಜಯನಗರದವರು ಇವರೆಲ್ಲರನ್ನೂ ಹಂಗಿಸುತ್ತಿದ್ದಾರೆ. ಜಗಳವೇನೋ ಸೊಗಸಾಗಿದೆ, ಆದರೆ ಅಳತೆಗೋಲೇ ಸರಿಯಿಲ್ಲ. ಹೋಟೆಲು, ಪಬ್ಬು, ಸಾಲುಮರ, ಬೇಕರಿ ಇವೆಲ್ಲ ಶನಿವಾರ ಸಂಜೆ ಬಂದುಹೋಗುವವರ ಲೆಕ್ಕ. ಅಲ್ಲೇ ಇರುವವರು ನೋಡಬೇಕಾದ್ದು ಬೇರೆ: ನೆಲದಡಿಯ ಸಂಪಿನೊಳಗೆ ನೀರು ಎಲ್ಲಿಂದ ಬರುತ್ತದೆ, ಮಳೆನೀರು ಎಲ್ಲಿಗೆ ಹೋಗುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಬೀದಿ ಸುಮ್ಮನಾಗುತ್ತದೆ, ಕಚೇರಿಗೆ ಹೋಗುವ ದಾರಿಯಲ್ಲಿ ಎಷ್ಟು ಜಂಕ್ಷನ್ ದಾಟಬೇಕು. ಈ ಲೆಕ್ಕದಲ್ಲಿ ಹೆಸರಿಗೂ ಸೌಕರ್ಯಕ್ಕೂ ಅಂತರ ಅತಿ ಹೆಚ್ಚಿರುವುದು ಸರ್ಜಾಪುರ ರಸ್ತೆಯಲ್ಲಿ. ಎರಡನೆಯ ಸ್ಥಾನ ಕೋರಮಂಗಲಕ್ಕೆ. ಇಂದಿರಾನಗರದ್ದು ಅರ್ಧ ನಿಜ, ಅರ್ಧ ಪ್ರಚಾರ. ಜಯನಗರ, ಮಲ್ಲೇಶ್ವರಗಳು ಬಾಡಿಗೆಗೆ ಒಳ್ಳೆಯವು, ಕೊಳ್ಳುವುದಕ್ಕಲ್ಲ.

ಸರ್ಜಾಪುರ ರಸ್ತೆಯಿಂದಲೇ ಶುರುಮಾಡೋಣ. ಕೈಕೊಂಡ್ರಹಳ್ಳಿ, ಕಸವನಹಳ್ಳಿ, ಹರಳೂರು ಇವೆಲ್ಲ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಸಾಲಿನವು. ಇನ್ನೂ ಮುಂದೆ ದೊಮ್ಮಸಂದ್ರದ ಕಡೆ ಹೋದರೆ ಪಾಲಿಕೆಯೂ ಇಲ್ಲ, ಪಂಚಾಯಿತಿ. ಈ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ ಜನ ಕೊಳವೆಬಾವಿ, ಟ್ಯಾಂಕರ್ ನಂಬಿಕೊಂಡೇ ಬದುಕಿದರು. ಅಷ್ಟರಲ್ಲಿ ಫ್ಲ್ಯಾಟಿನ ದರ ಮಾತ್ರ ಕಾವೇರಿ ಬಂದುಬಿಟ್ಟಂತೆ ಏರಿತು.

ಈಗ ಜಾಹೀರಾತಿನಲ್ಲಿ ‘ಕಾವೇರಿ ಸಂಪರ್ಕ ಇದೆ’ ಎಂದು ಹಾಕುತ್ತಾರೆ. ಸಂಪರ್ಕ ಇರುವುದೇ ಬೇರೆ, ಸಾಕಾಗುವಷ್ಟು ನೀರು ಬರುವುದೇ ಬೇರೆ. ನಿವಾಸಿಗಳ ಸಂಘದವರ ಬಳಿ ಜಲಮಂಡಳಿಯ ಕಳೆದ ಮೂರು ತಿಂಗಳ ಬಿಲ್ ಕೇಳಿ. ಅದರಲ್ಲಿ ಬಳಕೆ ಕಿಲೋಲೀಟರಿನಲ್ಲಿ ಇರುತ್ತದೆ. ಒಂದು ತಿಂಗಳ ಬಳಕೆಯನ್ನು ಮನೆಗಳ ಸಂಖ್ಯೆಯಿಂದ, ಆಮೇಲೆ 30ರಿಂದ ಭಾಗಿಸಿ. ನೂರು ಮನೆಗಳ ಸಮುಚ್ಚಯದ ಬಿಲ್ಲಿನಲ್ಲಿ 600 ಕಿಲೋಲೀಟರ್ ಇದ್ದರೆ ಮನೆಗೆ ದಿನಕ್ಕೆ 200 ಲೀಟರ್ ಆಯಿತು. ನಗರಗಳ ನೀರು ಸರಬರಾಜಿಗೆ ಸರ್ಕಾರಿ ಮಾನದಂಡ ತಲಾ 135 ಲೀಟರ್. ನಾಲ್ವರ ಕುಟುಂಬಕ್ಕೆ 540. ಉಳಿದ 340 ಲೀಟರ್ ಎಲ್ಲಿಂದ ಬರುತ್ತಿದೆ ಎನ್ನುವುದೇ ಆ ಮನೆಯ ನಿಜವಾದ ಬಾಡಿಗೆ.

ಅದನ್ನೂ ಲೆಕ್ಕ ಹಾಕಬಹುದು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತ್ತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಪೂರ್ತಿ ಟ್ಯಾಂಕರನ್ನೇ ನೆಚ್ಚಿದ ನೂರು ಮನೆಗೆ ದಿನಕ್ಕೆ 54,000 ಲೀಟರ್ ಬೇಕು. ತಿಂಗಳಿಗೆ 12,000 ಲೀಟರಿನ 135 ಲೋಡು, ಅಂದರೆ 1.35 ಲಕ್ಷ ರೂಪಾಯಿ, ಮನೆಗೆ 1,350. ಇದು ಮಿತಿ ಹಾಕಿದ ದರ. ಮಿತಿ ಹಾಕಬೇಕಾಗಿ ಬಂದದ್ದೇ ಅದಕ್ಕಿಂತ ಹೆಚ್ಚು ವಸೂಲಾಗುತ್ತಿದ್ದುದರಿಂದ. ಹಾಗಾಗಿ ನಿರ್ವಹಣಾ ಶುಲ್ಕವನ್ನು ವರ್ಷದ ಸರಾಸರಿಯಲ್ಲಿ ಕೇಳಬೇಡಿ, ಮಾರ್ಚ್, ಏಪ್ರಿಲ್, ಮೇ ತಿಂಗಳ ಖರ್ಚಿನ ಪಟ್ಟಿಯನ್ನೇ ಕೇಳಿ. ಕೊಡಲು ಹಿಂಜರಿದರೆ ಅದೂ ಒಂದು ಉತ್ತರವೇ.

ನೀರಿನ ಗುಣದ ಮಾತು ಹೆಚ್ಚಿನವರು ಎತ್ತುವುದೇ ಇಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಪ್ಪುವ ಮಟ್ಟ. ಬೇರೆ ಮೂಲವೇ ಇಲ್ಲದಿದ್ದರೆ 2,000 ಮತ್ತು 600ರವರೆಗೆ ಸಹಿಸಬಹುದು. ಆಳದ ಕೊಳವೆಬಾವಿಯ ನೀರು ಈ ಎರಡನೇ ಮಿತಿಯ ಕಡೆಗೇ ವಾಲುತ್ತದೆ. ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಶವರಿನ ತೂತು ಮುಚ್ಚುತ್ತದೆ, ವಾಷಿಂಗ್ ಮಷಿನ್ ಬೇಗ ಕೈಕೊಡುತ್ತದೆ. ಮನೆ ನೋಡಲು ಹೋಗುವಾಗ ಜೇಬಿನಲ್ಲೊಂದು ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವ ಸಾಧನ) ಇರಲಿ, ಅಡುಗೆಮನೆಯ ನಲ್ಲಿಯಲ್ಲೂ ಬಚ್ಚಲಿನ ನಲ್ಲಿಯಲ್ಲೂ ಅಳೆಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಎರಡು ಮೂಲದ ನೀರು ಎಂದು ತಿಳಿಯಬೇಕು. ಎರಡೂ ಕಡೆ ಒಂದೇ ಅಂಕಿ ಬಂದು, ಅದು ಹೆಚ್ಚಿದ್ದರೆ ಕಾವೇರಿಯ ಮಾತನ್ನು ಅಲ್ಲಿಗೇ ಬಿಡಬಹುದು.

ಒಳಚರಂಡಿ ಇಲ್ಲದ ಕಡೆ ಸಮುಚ್ಚಯದ ಕೊಳಚೆನೀರು ಸಂಸ್ಕರಣಾ ಘಟಕವೇ ಗತಿ. ಅದರ ಗಾಳಿಯಂತ್ರ ನೆಲಮಾಳಿಗೆಯಲ್ಲಿ ದಿನವಿಡೀ ಗುಂಯ್‌ಗುಡುತ್ತದೆ. ವಿದ್ಯುತ್ ಉಳಿಸಲೆಂದು ಯಾರಾದರೂ ರಾತ್ರಿ ಅದನ್ನು ನಿಲ್ಲಿಸಿದರೆ ಆಮ್ಲಜನಕ ಸಿಗದೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಸಂಸ್ಕರಿಸಿದ ನೀರನ್ನೇ ಬಳಸುವ ಫ್ಲಶ್‌ನಲ್ಲಿ ಬೆಳಿಗ್ಗೆ ನಾರುವ ನೀರು ಬರುತ್ತದೆ. ಘಟಕದ ನೇರ ಮೇಲಿನ ಮೊದಲೆರಡು ಮಹಡಿಯ ಮನೆಗಳನ್ನು ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬಿಟ್ಟುಬಿಡಿ.

ಇನ್ನು ದಾರಿ. ಪಶ್ಚಿಮದ ತುದಿಯಲ್ಲಿ ಇಬ್ಬಲೂರು ಜಂಕ್ಷನ್, ಒಳಗೆ ಕಾರ್ಮೆಲರಾಂ, ಪಣತ್ತೂರು ಕಡೆಯ ಇಕ್ಕಟ್ಟು ರಸ್ತೆಗಳು; ಒಂದು ಕೆಟ್ಟರೆ ಇನ್ನೊಂದಕ್ಕೆ ತಿರುಗಿಕೊಳ್ಳಲು ಸಮಾಂತರ ರಸ್ತೆಯೇ ಇಲ್ಲ. ಹಳೆಯ ಬಡಾವಣೆಗಳಲ್ಲಿ ಅಡ್ಡರಸ್ತೆಗಳ ಜಾಲ ಇರುವುದರಿಂದ ವಾಹನ ಹಂಚಿಹೋಗುತ್ತದೆ. ಇಲ್ಲಿ ಹೊಲದ ಬದುವಿನ ದಾರಿಯೇ ಡಾಂಬರು ಕಂಡಿದ್ದು, ಪ್ರತಿ ಸಮುಚ್ಚಯವೂ ಒಂದೇ ಹೆದ್ದಾರಿಗೆ ಬಾಯಿ ತೆರೆದಿದೆ. ‘ಮೆಟ್ರೊ ಬರುತ್ತದೆ’ ಎನ್ನುವುದು ಇದಕ್ಕೆ ಸಿಗುವ ಉತ್ತರ. ಹೆಬ್ಬಾಳದಿಂದ ಸರ್ಜಾಪುರಕ್ಕೆ ಸುಮಾರು 37 ಕಿ.ಮೀ.ನ ಕೆಂಪು ಮಾರ್ಗಕ್ಕೆ ರಾಜ್ಯ ಸಂಪುಟ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ನಮ್ಮ ಮೆಟ್ರೊದ ನಡಿಗೆ ಗೊತ್ತಿರುವುದೇ: ಮೊದಲ ಹಂತದ ಕೆಲಸ ಶುರುವಾದದ್ದು 2007ರಲ್ಲಿ, 42 ಕಿ.ಮೀ. ಮುಗಿದದ್ದು 2017ರ ಜೂನ್‌ನಲ್ಲಿ. ಎರಡನೇ ಹಂತಕ್ಕೆ 2014ರಲ್ಲಿ ಮಂಜೂರಾತಿ ಸಿಕ್ಕರೂ ಹಳದಿ ಮಾರ್ಗ ಓಡಿದ್ದು 2025ರ ಆಗಸ್ಟ್‌ನಲ್ಲಿ. ನಕ್ಷೆಯಲ್ಲಿರುವ ಗೆರೆಗೆ ಇವತ್ತೇ ದುಡ್ಡು ಕೊಡುವವರು ಹತ್ತು ವರ್ಷದ ದೂಳಿಗೂ ಸೇರಿಸಿಯೇ ಕೊಡುತ್ತಾರೆ.

ಕೋರಮಂಗಲದ ಸಮಸ್ಯೆ ಬೇರೆ ಜಾತಿಯದು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ, ನೀರು, ಒಳಚರಂಡಿ ಇದೆ, ಅಂಗಡಿ ಕಾಲ್ನಡಿಗೆಯಲ್ಲಿದೆ. ಆದರೆ ಅದು ಕೂತಿರುವ ಜಾಗ ನೋಡಿ. ಬೆಂಗಳೂರು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂಬ ಮೂರು ಕಣಿವೆಗಳಾಗಿ ಇಳಿಯುತ್ತದೆ. ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರದ ಮೂಲಕ ಬರುವ ಕೆ–100 ಎಂಬ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಕೋರಮಂಗಲದ ಅಂಚಿನಲ್ಲೇ ಹಾದು ಬೆಳ್ಳಂದೂರು ಕೆರೆ ಸೇರುತ್ತದೆ. ನಾಲ್ಕನೇ ಬ್ಲಾಕಿನ ಎಸ್‌.ಟಿ. ಬೆಡ್ ಎಂದರೆ ಶ್ರೀನಿವಾಗಿಲು ಕೆರೆಯ ಅಂಗಳ. ಕೆರೆಯಂಗಳದಲ್ಲಿ ಮನೆ ಕಟ್ಟಿದರೆ ಜೋರು ಮಳೆಯ ದಿನ ಕೆರೆ ತನ್ನ ಜಾಗಕ್ಕೆ ವಾಪಸು ಬರುತ್ತದೆ, ಅಷ್ಟೆ. ಮೂರನೇ ಬ್ಲಾಕಿನ ಒಳರಸ್ತೆಗಳ ನೆಮ್ಮದಿಯನ್ನು ತೋರಿಸಿ ಇಡೀ ಕೋರಮಂಗಲದ ದರ ನಿಗದಿ ಮಾಡುತ್ತಾರೆ, ಮೋಸ ಆಗುವುದು ಇಲ್ಲಿಯೇ.

ಸಾರಿಗೆಯಲ್ಲಿ ಕೋರಮಂಗಲದ ಕಥೆ ಇನ್ನೂ ಪೇಲವ. ಇಷ್ಟು ದುಬಾರಿ ಬಡಾವಣೆಯ ಒಳಗೆ ಇಂದಿಗೂ ಒಂದು ಮೆಟ್ರೊ ನಿಲ್ದಾಣವಿಲ್ಲ. ಸುಮಾರು 2.5 ಕಿ.ಮೀ.ನ ಈಜಿಪುರ ಮೇಲ್ಸೇತುವೆ 2017ರಲ್ಲಿ ಶುರುವಾಯಿತು, 2019ರಲ್ಲಿ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆಯೇ ರದ್ದಾಗಿ, 2023ರಲ್ಲಿ ಮತ್ತೆ ಕೆಲಸ ಕೈಗೆತ್ತಿಕೊಂಡರು. ಇಷ್ಟಾದರೂ ಅಲ್ಲಿನ ಬಾಡಿಗೆ ದುಬಾರಿಯಾಗಿಯೇ ಉಳಿದಿದೆ ಎಂದರೆ ಜನ ಕೊಡುತ್ತಿರುವುದು ಯಾವುದಕ್ಕೆ?

ಎಚ್‌ಎಸ್‌ಆರ್ ಲೇಔಟ್ ಬಗ್ಗೆ ಒಂದೇ ಮಾತು: ಸೆಕ್ಟರ್ ಸಂಖ್ಯೆ ಕೇಳದೆ ಮುಂಗಡ ಕೊಡಬೇಡಿ. ತಗ್ಗಿನ 6 ಮತ್ತು 7ನೇ ಸೆಕ್ಟರುಗಳು ಮಳೆಗಾಲದಲ್ಲಿ ಸುದ್ದಿಯಾಗುವುದು ಸುಮ್ಮನೆ ಅಲ್ಲ. ಎತ್ತರದ ಸೆಕ್ಟರುಗಳು ಚೆನ್ನಾಗಿವೆ. ಆದರೆ ತಗ್ಗಿಗೂ ಎತ್ತರಕ್ಕೂ ಹೆಚ್ಚುಕಡಿಮೆ ಒಂದೇ ಬಾಡಿಗೆ ಕೇಳುವುದು ವಿಚಿತ್ರ.

ತಗ್ಗು ಯಾವುದು ಎಂದು ತಿಳಿಯಲು ಮಳೆಗೆ ಕಾಯಬೇಕಿಲ್ಲ. ಕಾಂಪೌಂಡಿನ ಹೊರಗೋಡೆಯಲ್ಲಿ ಮೊಣಕಾಲೆತ್ತರದ ಕೊಳೆಗೆರೆ, ಗೇಟಿನಡಿ ಹೊಸದಾಗಿ ಕಟ್ಟಿದ ಸಿಮೆಂಟಿನ ದಿಂಡು, ಅಂಗಡಿಯ ಶಟರಿನ ಮುಂದೆ ಇಟ್ಟಿಗೆಯ ಹೊಸ್ತಿಲು, ತಲೆಯೆತ್ತರಕ್ಕೆ ಸರಿಸಿದ ವಿದ್ಯುತ್ ಮೀಟರು: ನಾಲ್ಕರಲ್ಲಿ ಎರಡು ಕಂಡರೂ ಸಾಕು. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ಕೊಡುತ್ತದೆ. ಆ ನಂಬರ್ ಹಿಡಿದು ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಕಾಲುವೆ ಎಷ್ಟು ದೂರ ಎಂದು ನೋಡಿ. ನಗರದ ಬೆಳವಣಿಗೆಗೆ ಬಿಡಿಎ ರೂಪಿಸಿದ ಮಹಾಯೋಜನೆ–2015ರ ಪ್ರಕಾರ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಕಟ್ಟಡವಿಲ್ಲದ ಮೀಸಲು ಜಾಗ. ಅಳೆಯಬೇಕಾದ್ದು ಕಾಲುವೆಯ ಮಧ್ಯದಿಂದ.

ಇನ್ನೊಂದು ಸೂಕ್ಷ್ಮ. ಹಳೆಯ ಪದರ ಕೆರೆದು ತೆಗೆಯದೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ನಾಲ್ಕೈದು ಸೆಂಟಿಮೀಟರ್ ಏರುತ್ತದೆ. ಐದು ಬಾರಿ ಹಾಕಿದರೆ ಒಂದು ಮೆಟ್ಟಿಲಿಗಿಂತ ಹೆಚ್ಚು. ಬೀದಿಯ ಮ್ಯಾನ್‌ಹೋಲಿನ ಮುಚ್ಚಳ ನೆಲಮಹಡಿಯ ಶೌಚಾಲಯದ ಮಟ್ಟಕ್ಕಿಂತ ಮೇಲಿದ್ದರೆ, ಮಳೆನೀರು ಒಳಚರಂಡಿಗೆ ನುಗ್ಗಿದ ಹೊತ್ತಿನಲ್ಲಿ ಕೊಳಚೆ ಕಮೋಡಿನಿಂದ ಮೇಲೆ ಬರುತ್ತದೆ. ಹೊರಹೋಗುವ ಕೊಳವೆಗೆ ಹಿಮ್ಮುಖ ತಡೆ ಕವಾಟ ಹಾಕಿದ್ದಾರೆಯೇ ಎಂದು ಕೇಳಿ. ನೆಲದೊಳಗಿನ ಸಂಪಿನ ಮುಚ್ಚಳವೂ ರಸ್ತೆಗಿಂತ ಮೇಲಿರಬೇಕು, ಇಲ್ಲವಾದರೆ ಒಂದೇ ರಾತ್ರಿಯಲ್ಲಿ ಕುಡಿಯುವ ನೀರೂ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ಕಡೆ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದ್ದು ಗುಡಿಸಲಿನವರನ್ನು ಮಾತ್ರವಲ್ಲ, ಕೋಟಿಗಟ್ಟಲೆ ಬೆಲೆಯ ವಿಲ್ಲಾದವರನ್ನೂ. ನೀರು ಮಟ್ಟ ನೋಡುತ್ತದೆ, ದರಪಟ್ಟಿ ನೋಡುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಪಾಲಿಕೆ ಐದಾಗಿದೆ. ಕಾಲುವೆ ಮಾತ್ರ ಹಳೆಯ ಇಳಿಜಾರಿನಲ್ಲೇ ಹರಿಯುತ್ತಿದೆ.

ಇಂದಿರಾನಗರಕ್ಕೆ ಬರೋಣ. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಇಂದಿರಾನಗರದ ಮೂಲಕ. ರಸ್ತೆ ಅಗಲ, ಆಸ್ಪತ್ರೆ ಹತ್ತಿರ. ಹಾಗಾಗಿ ಹೆಸರು ಪೂರ್ತಿ ಸುಳ್ಳಲ್ಲ. ಕೆಟ್ಟಿರುವುದು 100 ಅಡಿ ರಸ್ತೆ ಮತ್ತು 12ನೇ ಮುಖ್ಯರಸ್ತೆಗೆ ತಾಗಿದ ಅಡ್ಡರಸ್ತೆಗಳು. ಶಬ್ದಮಾಲಿನ್ಯ ನಿಯಮ, 2000ರಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮಾಮೂಲಿ ಮಾತುಕತೆಯೇ 60ರ ಆಸುಪಾಸು. ಅಂದರೆ ತಾರಸಿ ಪಬ್ಬಿನ ಸ್ಪೀಕರ್ ಬೇಕಿಲ್ಲ, ಕಿಟಕಿಯ ಕೆಳಗೆ ಕಾರಿಗಾಗಿ ಕಾಯುತ್ತಾ ನಾಲ್ವರು ಹರಟಿದರೂ ಮಿತಿ ದಾಟುತ್ತದೆ. ಮನೆ ತೋರಿಸುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆಯುತ್ತಾರೆ. ನೀವು ಶನಿವಾರ ರಾತ್ರಿ ಹನ್ನೊಂದೂವರೆಗೆ ಹೋಗಿ, ಮಲಗುವ ಕೋಣೆಯ ಕಿಟಕಿ ತೆರೆದು ಐದು ನಿಮಿಷ ನಿಲ್ಲಿ. ಫೋನಿನ ಆ್ಯಪ್ ಕರಾರುವಾಕ್ಕಾಗಿ ಅಳೆಯುವುದಿಲ್ಲವಾದರೂ 45ಕ್ಕೂ 65ಕ್ಕೂ ವ್ಯತ್ಯಾಸ ತೋರಿಸುತ್ತದೆ. ಗೇಟಿನ ಮುಂದೆ ಪರಸ್ಥಳದ ಕಾರು ನಿಂತಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಈ ಎರಡು ರಸ್ತೆಗಳಿಂದ ನಾಲ್ಕು ಬೀದಿ ಒಳಗೆ ಹೋದರೆ ಬೇರೆಯೇ ಇಂದಿರಾನಗರವಿದೆ.

ವೈಟ್‌ಫೀಲ್ಡನ್ನು ಹಂಗಿಸುವವರು ಹಳೆಯ ಕ್ಯಾಲೆಂಡರ್ ನೋಡುತ್ತಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಕೂಡಿಕೊಂಡ ಮೇಲೆ ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ ರೈಲು ಬದಲಿಸದೆ ಬರಬಹುದು. ಹೂಡಿ, ಕುಂದಲಹಳ್ಳಿ, ನಲ್ಲೂರಹಳ್ಳಿ ನಿಲ್ದಾಣಗಳಿಂದ ನಡೆದುಹೋಗುವಷ್ಟು ದೂರದ ಮನೆಗೆ ಇವತ್ತಿನ ದರ ಸಮರ್ಥನೀಯ. ಅದೇ ಹೆಸರಿನಲ್ಲಿ ವರ್ತೂರು, ಗುಂಜೂರಿನ ಆಚೆಯ ಸೈಟನ್ನೂ ‘ವೈಟ್‌ಫೀಲ್ಡ್’ ಎಂದು ಮಾರುತ್ತಾರೆ. ನಿಲ್ದಾಣದ ದೂರವನ್ನು ನಕ್ಷೆಯ ನೇರಗೆರೆಯಲ್ಲಿ ನಂಬದೆ ಕಾಲಿನಲ್ಲಿ ನಡೆದು ನೋಡಬೇಕು. 700 ಮೀಟರ್ ಎಂದು ಹೇಳಿದ್ದು ರಸ್ತೆ ದಾಟಲು ಸೇತುವೆ ಇಲ್ಲದೆ, ಸಮುಚ್ಚಯದ ಗೇಟು ಹಿಂದುಗಡೆ ಇದ್ದು ಒಂದೂವರೆ ಕಿಲೋಮೀಟರ್ ಆಗುವುದುಂಟು.

ದಾರಿ ಪರೀಕ್ಷಿಸುವ ದಿನವೂ ಮುಖ್ಯ. ಸೋಮವಾರ, ಶುಕ್ರವಾರ ಐಟಿಯವರಲ್ಲಿ ಹಲವರು ಮನೆಯಿಂದಲೇ ಕೆಲಸ ಮಾಡುವುದರಿಂದ ರಸ್ತೆ ಸುಳ್ಳು ಹೇಳುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ ಹೊರಡಿ, ಸಂಜೆ ಆರೂವರೆಗೆ ವಾಪಸು ಬನ್ನಿ. ಕಿಲೋಮೀಟರ್ ಬದಿಗಿಟ್ಟು, ಸಿಲ್ಕ್‌ಬೋರ್ಡ್, ಇಬ್ಬಲೂರು, ಮಾರತಹಳ್ಳಿ, ಕೆ.ಆರ್. ಪುರ, ಹೆಬ್ಬಾಳ ಇವುಗಳಲ್ಲಿ ಎಷ್ಟನ್ನು ದಾಟಬೇಕು ಎಂದು ಎಣಿಸಿ. ಒಂದನ್ನೂ ದಾಟದ 12 ಕಿ.ಮೀ. ದಾರಿ, ಎರಡು ದಾಟುವ 6 ಕಿ.ಮೀ. ದಾರಿಗಿಂತ ವಾಸಿ.

ಜಯನಗರ, ಮಲ್ಲೇಶ್ವರದ ಅಭಿಮಾನಿಗಳಿಗೆ ಈಗ ಬೇಸರವಾಗಬಹುದು. 1898ರ ಪ್ಲೇಗ್ ನಂತರ ಬೆಳೆದ ಮಲ್ಲೇಶ್ವರ, 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ ಇವೆರಡೂ ಬೆಂಗಳೂರಿನ ಉತ್ತಮ ಯೋಜನೆಗಳೇ. ಅಡ್ಡರಸ್ತೆ, ಮಾರುಕಟ್ಟೆ, ಉದ್ಯಾನ, ಈಗ ಹಸಿರು ಮಾರ್ಗವೂ ಇದೆ. ಆದರೆ ಒಂದು ಕುಟುಂಬಕ್ಕೆಂದು ಕೊಟ್ಟ ಸೈಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ ಎದ್ದು, ಎಂಟು ಕುಟುಂಬಗಳು ಅದೇ ಹಳೆಯ ಕೊಳವೆಗೆ ಸೇರಿಕೊಂಡಿವೆ. ಕಟ್ಟಡದ ಬದಿಯಲ್ಲಿ ಬಿಡಬೇಕಾದ ಜಾಗ ಬಿಡದ ಕಾರಣ ಎರಡನೇ ಮಹಡಿಯವರೂ ಹಗಲಲ್ಲಿ ದೀಪ ಹಚ್ಚುತ್ತಾರೆ. ಇಲ್ಲಿ ಬಾಡಿಗೆಗಿದ್ದರೆ ಈ ತೊಂದರೆಗಳನ್ನು ನೋಡಿ ಬೇರೆ ಬೀದಿಗೆ ಹೋಗಬಹುದು. ಕೊಂಡರೆ ಹೋಗಲಾಗದು.

ಕೊಳ್ಳುವ ಲೆಕ್ಕ ಎಷ್ಟು ಬಿಗಿ ಎಂದು ಉದಾಹರಣೆಗೆ ನೋಡಿ. 1.5 ಕೋಟಿಯ ಮನೆ ತಿಂಗಳಿಗೆ 40,000 ಬಾಡಿಗೆ ತಂದರೆ ವರ್ಷಕ್ಕೆ 4.8 ಲಕ್ಷ, ಶೇ 3.2. ಅದೇ ಮೊತ್ತಕ್ಕೆ ಶೇ 8.5ರ ಸಾಲದ ಬಡ್ಡಿ ಮೊದಲ ವರ್ಷ 12.75 ಲಕ್ಷದ ಹತ್ತಿರ. ಮುದ್ರಾಂಕ ಶೇ 5, ಅದರ ಮೇಲಿನ ಸೆಸ್, ಅಧಿಭಾರ ಸೇರಿ 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6, ಅಂದರೆ 11.4 ಲಕ್ಷ, ಗೃಹಪ್ರವೇಶಕ್ಕೆ ಮೊದಲೇ ಹೋಯಿತು. ಶೇ 3ಕ್ಕಿಂತ ಕಡಿಮೆ ಬಾಡಿಗೆ ಹುಟ್ಟುವ ಬಡಾವಣೆಯಲ್ಲಿ ಕೊಳ್ಳುವವರು ಮನೆಯ ಜತೆಗೆ ಹೆಸರನ್ನೂ ಕೊಳ್ಳುತ್ತಿದ್ದಾರೆ.

ಬಾಡಿಗೆಯವರೂ ಮುಂಗಡವನ್ನು ಲೆಕ್ಕದಿಂದ ಬಿಡಬಾರದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಸತಿಗೆ ಎರಡು ತಿಂಗಳ ಮಿತಿ ಹೇಳುತ್ತದೆ. ಬೆಂಗಳೂರಿನಲ್ಲಿ ಆರರಿಂದ ಹತ್ತು ತಿಂಗಳು ಕೇಳುವ ರೂಢಿ ಇನ್ನೂ ಹೋಗಿಲ್ಲ. 40,000ದ ಮನೆಗೆ ಹತ್ತು ತಿಂಗಳ ಮುಂಗಡ ನಾಲ್ಕು ಲಕ್ಷ. ಶೇ 7ರಂತೆ ವರ್ಷಕ್ಕೆ 28,000 ಬಡ್ಡಿ ಕೈಬಿಟ್ಟಿತು, ತಿಂಗಳಿಗೆ 2,300ಕ್ಕೂ ಹೆಚ್ಚು. ಬಿಡುವಾಗ ಬಣ್ಣದ ನೆಪದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದನ್ನೂ ಸೇರಿಸಿ. ಹೆಸರಾಂತ ಬಡಾವಣೆಯಲ್ಲಿ ಈ ಷರತ್ತುಗಳ ಬಗ್ಗೆ ಚೌಕಾಸಿಗೂ ಜಾಗವಿರುವುದಿಲ್ಲ, ಹಿಂದೆ ಇನ್ನೂ ನಾಲ್ವರು ಕಾಯುತ್ತಿರುತ್ತಾರೆ.

ಹಾಗಾದರೆ ಯಾವುದು ಕಡಿಮೆ ಹೊಗಳಿಸಿಕೊಂಡಿದೆ? ವಿಜಯನಗರ: ನೇರಳೆ ಮಾರ್ಗದ ಮೇಲಿದೆ, ಹಳೆಯ ಕಾವೇರಿ ಜಾಲ, ದಟ್ಟ ಮಾರುಕಟ್ಟೆ. ಪೂರ್ವದ ಐಟಿ ಕಡೆ ಕೆಲಸವಿದ್ದವರಿಗೆ ದೂರ, ಪಾರ್ಕಿಂಗ್ ಕಷ್ಟ, ಅದು ನಿಜ. ಕೆಂಗೇರಿ ಉಪನಗರಕ್ಕೆ 2021ರ ಆಗಸ್ಟ್‌ನಲ್ಲಿ ಮೆಟ್ರೊ ಬಂತು, ರೈಲು ನಿಲ್ದಾಣವೂ ಇದೆ. ವೃಷಭಾವತಿಯ ಹತ್ತಿರದ ಬೀದಿಗಳಲ್ಲಿ ಮಾತ್ರ ವಾಸನೆ ತಡೆಯುವುದು ಕಷ್ಟ. ಬೇಸಿಗೆಯ ಸಂಜೆ ಹೋಗಿ ಮೂಗಿನಿಂದಲೇ ಪರೀಕ್ಷಿಸಬೇಕು. ಯಲಹಂಕ ಉಪನಗರದಲ್ಲಿ ರಸ್ತೆ ವಿನ್ಯಾಸ ಚೆನ್ನಾಗಿದೆ, ವಾಯುನೆಲೆಯ ಸದ್ದು ಸಹಿಸುವವರಿಗೆ.

ಪತ್ರಿಕೆಗೆ ಒಂದು ಕೋರಿಕೆ. ‘ವಾಸಕ್ಕೆ ಅತ್ಯುತ್ತಮ ಬಡಾವಣೆ’ ಎಂಬ ಪಟ್ಟಿ ಮತ್ತೆ ಪ್ರಕಟಿಸುವುದಾದರೆ ಬಡಾವಣೆಯ ಹೆಸರಿನ ಬದಲು ಬ್ಲಾಕ್, ಸೆಕ್ಟರ್ ಮಟ್ಟಕ್ಕೆ ಇಳಿಯಿರಿ. ವಾರದಲ್ಲಿ ಕಾವೇರಿ ನೀರು ಬಿಡುವ ದಿನಗಳು, ಹತ್ತಿರದ ರಾಜಕಾಲುವೆಯ ದೂರ, ನಡೆದು ತಲುಪುವ ಮೆಟ್ರೊ ಅಥವಾ ಬಸ್ ನಿಲ್ದಾಣ, ಬೇಸಿಗೆ ತಿಂಗಳ ನಿರ್ವಹಣಾ ಶುಲ್ಕ ಈ ನಾಲ್ಕು ಕಲಂ ಸೇರಿಸಿ. ಹೋಟೆಲುಗಳ ಪಟ್ಟಿಯನ್ನು ಭಾನುವಾರದ ಪುರವಣಿಗೆ ಹಾಕಿಕೊಳ್ಳಬಹುದು.

– ಓದುಗ, ಬೆಂಗಳೂರು